ನಾಳೆ ಬರುವ ಗಂಡ

ದಕ್ಷಿಣ ಕೊರಿಯಾದ ಮೊಕ್ಪೊ ಬಂದರಿನ ಪ್ರಯಾಣಿಕರ ಕೋಣೆಯಲ್ಲಿ ದೋಣಿಗೆ ಕಾಯುತ್ತಿದ್ದ ಮಾಲ್‌ಸುಕ್‌ಳ ಕಿವಿಗೆ ಪಕ್ಕದ ಬೆಂಚಿನ ಅತ್ತೆ ಸೊಸೆಯರ ಮಾತು ಬಿತ್ತು. ವಿಯೆಟ್ನಾಮಿನ ಸೊಸೆ ತಡವರಿಸುತ್ತಾ ಕೊರಿಯನ್ ಮಾತಾಡುತ್ತಿದ್ದಳು.

“ಅತ್ತೆ, ಪೊಲೀಸರಿಗೆ ‘ಮೀನು ಹಿಡಿಯುವ ಗಂಡ’ ಅಂದೆ. ಸರೀನಾ?”

“ಅವರು ‘ಹಿಡೀತಿದ್ದ’ ಅಂತ ತಿದ್ದಿಕೊಂಡ್ರು ಕಣಮ್ಮ.”

“ನಮ್ಮ ಭಾಷೇಲಿ ಗಂಡ ಮೊದಲು, ಅವನ ವಿಷಯ ಆಮೇಲೆ. ನಿಮ್ಮಲ್ಲಿ ಗಂಡ ಕೊನೇಗೆ ಬರ್ತಾನೆ.”

“ಹೂಂ. ಎಲ್ಲಾ ಹೇಳಿ ಮುಗಿಸೋವರೆಗೂ ಕಾಯ್ಬೇಕು.”

“ಹಾಗಾದ್ರೆ ‘ನಾಳೆ ಬರುವ ಗಂಡ’ ಅನ್ಲಾ?”

“ಅನ್ನು. ಮಾತಲ್ಲಿ ತಪ್ಪೇನಿಲ್ಲ. ಆದ್ರೆ ಅವನ ದೋಣಿ ಮಗುಚಿ ವಾರ ಆಯ್ತಲ್ಲೇ.”

ಅಷ್ಟರಲ್ಲಿ ಪೊಲೀಸನೊಬ್ಬ ಟೋಪಿ ತೆಗೆದು ಬಾಗಿಲಲ್ಲಿ ನಿಂತ.

“ದಡಕ್ಕೆ ತೇಲಿ ಬಂದ ಗಂಡಸಿನ ಮನೆಯವರು ಯಾರು?”

‘ತೇಲಿ ಬಂದ’ ಅನ್ನುವಷ್ಟರಲ್ಲೇ, ಯಾರೆಂದು ಹೇಳುವ ಮೊದಲೇ, ಸೊಸೆ ಎದ್ದು ನಿಂತಿದ್ದಳು. ಅತ್ತೆ ಅವಳ ತೋಳು ಹಿಡಿದು ಹೊರಕ್ಕೆ ನಡೆದಳು.