ಪ್ಯಾಸೇಜಿನಲ್ಲಿ ಆಡುತ್ತಿದ್ದ ಆಟ

...ಅಯ್ಯೋ, ಆ ಗ್ಲೌಸ್ ಅಲ್ಲ ಕಣೇ, ಇನ್ನೊಂದು ಜೊತೆ! ಬೆರಳು ಹರಿದಿದೆಯಲ್ಲ, ಅದು. ಫುಟ್‌ಬಾಲ್ ಕ್ಲಬ್ಬಿನವರು ಗಾಜಿನ ಪೆಟ್ಟಿಗೇಲಿ ಇಡ್ತಾರಂತೆ, ಹರಿದಿದ್ದರೇ ಚಂದ ಅಂದ್ರು ಸೆಕ್ರೆಟರಿ. ನಿಮ್ಮಪ್ಪ ಹೋಗಿ ಇನ್ನೂ ತಿಂಗಳಾಗಿಲ್ಲ, ಆಗಲೇ ನೆನಪಿನ ಸಭೆ! ಮತ್ತೆ? ಅಷ್ಟು ದೊಡ್ಡ ಗೋಲ್‌ಕೀಪರ್, ಸುಮ್ಮನೆ ಬಿಡ್ತಾರಾ? ಕೂತ್ಕೋ. ಕಾರು ಬರೋದರೊಳಗೆ ಇನ್ನೊಂದು ಸಲ ಹೇಳಿ ನೋಡು. ವೇದಿಕೆ ಮೇಲೆ ತಡವರಿಸಬಾರದು.

ಏನು ಹಾಗೆ ನೋಡ್ತೀಯ? ನೀನೇ ಹೇಳಬೇಕು. ನಿಮ್ಮಣ್ಣ ಅಂತೂ ಬರಲ್ಲ, ಕೆಲಸ ಇದೆಯಂತೆ. ಫೋನಲ್ಲಿ ಏನಂದ ಗೊತ್ತಾ? "ಊರಿಗೆ ಉಪಕಾರಿ, ಮನೆಗೆ ಮಾರಿ" ಅಂದ! ಹೆತ್ತ ತಂದೆಗೆ! ನಾನು ಟಪ್ ಅಂತ ಫೋನ್ ಇಟ್ಟೆ.

ಸರಿ, ಶುರು ಮಾಡು. ಪ್ಯಾಸೇಜಿನ ಆಟ... ಬರಲ್ವಾ? ನಾನು ಹೇಳ್ತೀನಿ, ನನ್ನ ಹಿಂದೇನೇ ಹೇಳು. ಪೇಪರಿನವರು ಬಂದಾಗಲೆಲ್ಲ ನಾನು ಹೇಳ್ತಿದ್ದೆನಲ್ಲ, ಹಾಗೇ. "ಅಪ್ಪ ಮ್ಯಾಚ್ ಮುಗಿಸಿ ನೇರ ಮನೆಗೇ ಬರ್ತಿದ್ರು. ಕುಡಿತ ಇಲ್ಲ, ಸುತ್ತಾಟ ಇಲ್ಲ. ಅಡುಗೆಮನೆಗೂ ಬೀದಿ ಬಾಗಿಲಿಗೂ ನಡುವೆ ಪ್ಯಾಸೇಜಿದೆಯಲ್ಲ, ಅಲ್ಲಿ ಕೈ ಅಗಲಿಸಿಕೊಂಡು ನಿಲ್ತಿದ್ರು. ನಾವು ಮಕ್ಕಳು ನುಸುಳಿ ಹೋಗಬೇಕು. ಒಂದು ಸಲಾನೂ ಆಗಲಿಲ್ಲ!" ಇಲ್ಲಿ ಜನ ನಗ್ತಾರೆ, ಸ್ವಲ್ಪ ನಿಲ್ಲಿಸು.

ಆಮೇಲೆ ಸೊಂಟದ ಮಾತು. ಅವರು ಎದುರಾಳಿ ಕಣ್ಣು ನೋಡ್ತಿರಲಿಲ್ಲ, ಸೊಂಟ ನೋಡ್ತಿದ್ರು. ಕಣ್ಣು ಸುಳ್ಳು ಹೇಳುತ್ತೆ, ಸೊಂಟ ಹೇಳಲ್ಲ ಅನ್ನೋರು. ಪೆನಾಲ್ಟಿ ಹಿಡಿದಿದ್ದೆಲ್ಲ ಹಾಗೇ. ನಾವು ಎಡಕ್ಕೋ ಬಲಕ್ಕೋ ಅಂತ ನಮಗಿಂತ ಮೊದಲು ಅವರಿಗೆ ಗೊತ್ತು. ಆಮೇಲೆ ಒಂದೊಂದೇ ಹೆಜ್ಜೆ ಮುಂದೆ ಬರೋದು... ಕೀಪರ್ ಮುಂದೆ ಬಂದಷ್ಟೂ ಎದುರಿನವರಿಗೆ ಜಾಗ ಕಮ್ಮಿ. ಕೊನೆಗೆ ಬೆನ್ನಿಗೆ ಗೋಡೆ...

ಹ್ಞೂಂ, ನನ್ನ ಜೊತೇನೂ ಆಡ್ತಿದ್ರು. ಯಾಕೆ, ದೊಡ್ಡವರು ಆಡಬಾರದಾ? ಒಂದು ಸಲ ಚೀಲ ತಗೊಂಡು ತವರಿಗೆ ಹೊರಟಿದ್ದೆ. ಚಿಲಕಕ್ಕೆ ಕೈ ಹಾಕಿದ್ದೆ... ಅದೂ ತಮಾಷೆಗೇ! ಅದನ್ನ ಅಲ್ಲಿ ಹೇಳಬೇಡ ಮತ್ತೆ. ಗಂಡ-ಹೆಂಡತಿ ವಿಷಯ.

ಏನು? ದಿನಾ ಆಡ್ತಿರಲಿಲ್ಲ ಅಂತಾನಾ? ಹೌದಪ್ಪ, ಗೆದ್ದ ದಿನ ಆಡ್ತಿರಲಿಲ್ಲ. ಗೋಲು ಬಿಟ್ಟ ದಿನ ಮಾತ್ರ. ಸೋತು ಬಂದ ಮನುಷ್ಯ, ಮಕ್ಕಳ ಜೊತೆ ಮನಸ್ಸು ಹಗುರ ಮಾಡ್ಕೊಳ್ಳಬಾರದಾ? ರೇಡಿಯೋದಲ್ಲಿ ಗೋಲು ಅಂದ ಕೂಡಲೇ ನೀವಿಬ್ಬರೂ ಮಂಚದ ಕೆಳಗೆ ಓಡ್ತಿದ್ರಿ. ಬಚ್ಚಿಟ್ಟುಕೊಳ್ಳೋ ಆಟ ಬೇರೆ! ತುಂಟರು...

ಯಾಕೆ ಎದ್ದೆ? ಕೂತ್ಕೋ, ಸೀರೆ ನೆರಿಗೆ ಹಾಳಾಗುತ್ತೆ. ಮೊಣಕೈ ಯಾಕೆ ಉಜ್ಕೋತೀಯ? ಅದು ಸ್ಕೂಲಲ್ಲಿ ಬಿದ್ದಿದ್ದು. ಸ್ಕೂಲಲ್ಲೇ. ಡಾಕ್ಟರಿಗೂ ಹಾಗೇ ಹೇಳಿದ್ವಲ್ಲ... ಹೇಳಿದ್ವಿ ಅಂದ್ರೆ, ಆಗಿದ್ದೂ ಹಾಗೇ!

ನಂಬಲ್ವಾ? ಕ್ಲಬ್ಬಿನ ಹುಡುಗರನ್ನ ಕೇಳು ಹೋಗು, ಅಷ್ಟು ವರ್ಷ ಕಲಿಸಿದ್ರು, ಒಂದು ದಿನ ಗದರಿಲ್ಲ. ದೇವರಂಥ ಮನುಷ್ಯ ಅಂತಾರೆ. ಊರೆಲ್ಲ ಹೇಳೋದು ಸುಳ್ಳಾ? ನಿನಗೂ ಆ ಆಟ ಇಷ್ಟ ಇತ್ತು. ಕಿಲಕಿಲ ಅಂತ ನಗ್ತಿದ್ದೆ, ಅಡುಗೆಮನೇಲಿ ನಿಂತು ಕೇಳಿಸ್ಕೊಂಡಿದ್ದೀನಿ. ನಿಮ್ಮಣ್ಣ ಮೊಂಡ, ಹಲ್ಲು ಕಚ್ಕೊಂಡು ನಿಲ್ತಿದ್ದ, ಅದಕ್ಕೇ ಅವನಿಗೆ ಜಾಸ್ತಿ... ಜಾಸ್ತಿ ಹೊತ್ತು ಹಿಡೀತಿತ್ತು. ನೀನು ಜಾಣೆ.

ಹಾರನ್! ಬಂದ್ರು, ಬಂದ್ರು. ಸೆಕ್ರೆಟರಿ ಇಳೀತಿದ್ದಾರೆ, ಫೋಟೋದವನೂ ಇದ್ದಾನೆ. ಗ್ಲೌಸ್ ತಗೋ. ತಗೋಳೇ! ತಲೆ ಅಲ್ಲಾಡಿಸಬೇಡ. ಹೇಳಲ್ಲ ಅಂದ್ರೆ ಏನರ್ಥ? ಕಾರ್ಡಿನಲ್ಲಿ ನಿನ್ನ ಹೆಸರು ಹಾಕಿದ್ದಾರೆ, "ಮಗಳ ಮಾತು" ಅಂತ. ಇಷ್ಟು ವರ್ಷ ನಾನು ಹೇಳಿಕೊಂಡು ಬಂದಿದ್ದೀನಿ, ಈಗ ನೀನು ಹೇಳದಿದ್ರೆ ನಾನು ಮುಖ ಎಲ್ಲಿ ಇಟ್ಕೊಳ್ಳಲಿ? ಬಾ ಇಲ್ಲಿ. ಈ ಮುಖ ಹೊತ್ಕೊಂಡು ಹೊರಗೆ ಬರಬೇಡ. ನೋಡು, ನನ್ನ ನೋಡು. ಒಂಚೂರು ನಗು. ನನ್ನ ಚಿನ್ನ ಅಲ್ವಾ, ಬೇಗ ನಗು, ಇನ್ನೂ ಜೋರಾಗಿ... ನಕ್ಕರೆ ಹೊಡೆಯಲ್ಲ ಅವರು, ಬಿಟ್ಟುಬಿಡ್ತಾರೆ...

ಮಗಳೇ... ನಾನು ಈಗ ಏನಂದೆ?