ಕಿಲ್ಕಾಯ್ನ್ ಮನೆಯ ತಲೆಯೆಣಿಕೆ

ಏಪ್ರಿಲ್ ಮಳೆ ಡ್ರಿಮಿನ್ ಹಳ್ಳಿಯ ಮೇಲೆ ಬೆಳಗಿನಿಂದ ಬಿಟ್ಟೂಬಿಡದೆ ಹಿಡಿದುಕೊಂಡಿತ್ತು. ಮಧ್ಯಾಹ್ನ ಮೂರಕ್ಕೇ ಅಟ್ರಾಕ್ಟಾಳ ಅಡುಗೆಮನೆಯಲ್ಲಿ ದೀಪ ಹಾಕಬೇಕಾಯಿತು. ಒಲೆಯಲ್ಲಿ ಸೌದೆಯ ಬದಲಿಗೆ ಇಟ್ಟ ಜೌಗುಮಣ್ಣಿನ ಒಣ ಹೆಂಟೆಗಳು ಸದ್ದಿಲ್ಲದೆ ಕೆಂಪಗೆ ಉರಿಯುತ್ತಿದ್ದವು. ಮೇಜಿನ ಮೇಲೆ ಸೋಡಾ ಬ್ರೆಡ್ಡು, ಬೆಣ್ಣೆ, ಚಹಾದ ಪಾತ್ರೆ. ಅವುಗಳ ಸಂದಿಯಲ್ಲಿ ಜಾಗ ಮಾಡಿಕೊಂಡು ಫಿಂಟನ್ ತನ್ನ ಕಾಗದಗಳನ್ನು ಹರಡಿದ್ದ.

ಫಿಂಟನ್‌ಗೆ ಐವತ್ತು ದಾಟಿತ್ತು. ಬೇಸಿಗೆಯೆಲ್ಲ ದನ, ಹುಲ್ಲು ಎಂದು ಹೊಲದಲ್ಲೇ ಕಳೆಯುವವನು ಐದು ಚಳಿಗಾಲಗಳನ್ನು ಈ ಕಾಗದಗಳಿಗೆ ಕೊಟ್ಟಿದ್ದ. ಜನನ ದಾಖಲೆ, ಮದುವೆ ದಾಖಲೆ, ಮರಣ ದಾಖಲೆ, ಹಳೆಯ ಜನಗಣತಿಯ ಹಾಳೆಗಳು. ಕಿಲ್ಕಾಯ್ನ್ ಮನೆತನದ ಹೆಸರುಗಳನ್ನೆಲ್ಲ ಒಂದೂ ಬಿಡದೆ ಹುಡುಕಿ ಹೊಸ ಸಮಾಧಿ ಕಲ್ಲಿನಲ್ಲಿ ಕೆತ್ತಿಸಬೇಕೆನ್ನುವುದು ಅವನ ಹಟ. ಕಾಗದದಲ್ಲಿ ಖಚಿತವಾಗದ್ದನ್ನು ಕಲ್ಲಿಗೆ ಹಾಕಿಸುವುದಿಲ್ಲ ಎನ್ನುವುದು ಇನ್ನೊಂದು ಹಟ. ಒಂದೇ ಒಂದು ಹೆಸರು ಮಾತ್ರ ಎರಡು ಹಟಗಳ ನಡುವೆ ಸಿಕ್ಕಿಕೊಂಡಿತ್ತು.

"ಅತ್ತೆ, ಐದು ಗಂಟೆಗೆ ಕಲ್ಲು ಕೆತ್ತುವವನು ಫೋನ್ ಮಾಡ್ತಾನೆ," ಎಂದ. "ಸಬೈನಾ ಹೆಸರು ಹಾಕಿಸೋದೋ ಬಿಡೋದೋ, ಅಷ್ಟು ಹೇಳಿ."

ಅಟ್ರಾಕ್ಟಾ ಅವನ ತಂದೆಯ ಅಕ್ಕ. ತೊಂಬತ್ತೊಂದು ವರ್ಷ. ಕಿವಿ ಚುರುಕು, ನಾಲಿಗೆ ಅದಕ್ಕಿಂತ ಚುರುಕು. "ಐದು ವರ್ಷ ಕಂಪ್ಯೂಟರನ್ನ ಕೇಳಿದೆ. ಪಕ್ಕದ ಮನೇಲಿರೋ ಅತ್ತೇನ ಕೇಳೋಕೆ ಇವತ್ತು ಮಳೆ ಬರಬೇಕಾಯ್ತಾ?" ಎಂದಳು.

ಫಿಂಟನ್‌ನ ಹೆಂಡತಿ ನೆಸ್ಸಾ ಬ್ರೆಡ್ಡು ಕೊಯ್ಯುತ್ತಾ ನಕ್ಕಳು. ಒಲೆಯ ಪಕ್ಕ ಒದ್ದೆ ಬೂಟು ಒಣಗಿಸುತ್ತಿದ್ದ ನೆರೆಮನೆಯ ಜಾರ್ಲತ್, "ಕಾಗದ ನಂಬಬೇಡ ಕಣೋ," ಎಂದ. "ನಮ್ಮ ಮುತ್ತಜ್ಜಿ ಸಾವಿರದ ಒಂಬೈನೂರ ಒಂದರ ಗಣತೀಲಿ ಐವತ್ತಮೂರು, ಹನ್ನೊಂದರ ಗಣತೀಲಿ ಎಪ್ಪತ್ತು! ಮಧ್ಯೆ ಎಪ್ಪತ್ತಾದವರಿಗೆ ಪಿಂಚಣಿ ಬಂತಲ್ಲ, ಪಾಪ, ಹತ್ತು ವರ್ಷದಲ್ಲಿ ಹದಿನೇಳು ವರ್ಷ ಮುದುಕಿಯಾಗಿಬಿಟ್ಲು."

"ನಿಮ್ಮ ಮನೆಯವರು ಯಾವಾಗ ತಾನೇ ನೆಟ್ಟಗೆ ಬರೆದಿದ್ರು?" ಎಂದಳು ಅಟ್ರಾಕ್ಟಾ.

ಫಿಂಟನ್ ನಗಲಿಲ್ಲ. ಎರಡು ಹಾಳೆಗಳನ್ನು ಅಕ್ಕಪಕ್ಕ ಇಟ್ಟ. ಒಂದು ಮರಣ ದಾಖಲೆ: ಸಬೈನಾ ಕಿಲ್ಕಾಯ್ನ್, ಹೆಣ್ಣು, ವಯಸ್ಸು ಹನ್ನೊಂದು, ಸತ್ತದ್ದು ೧೯೧೧ರ ಜನವರಿ ಒಂಬತ್ತು, ಕಾರಣ ಶ್ವಾಸಕೋಶದ ಜ್ವರ, ತಿಳಿಸಿದವರು ಸಾಯುವಾಗ ಜೊತೆಯಲ್ಲಿದ್ದ ತಂದೆ ಥೇಡಿ. ಇನ್ನೊಂದು ಅದೇ ವರ್ಷದ ಏಪ್ರಿಲ್ ಎರಡರ ಜನಗಣತಿ: ಸಬೈನಾ, ಮಗಳು, ಹನ್ನೊಂದು, ಓದು ಬರಹ ಬಲ್ಲಳು. ಕೆಳಗೆ ಅದೇ ತಂದೆಯ ಸಹಿ. ಹುಟ್ಟಿದ ಮಕ್ಕಳು ಏಳು, ಬದುಕಿರುವವರು ಏಳು.

"ಒಬ್ಬನೇ ಮನುಷ್ಯ ಹೇಳಿದ್ದು. ಎರಡರಲ್ಲಿ ಒಂದು ಸುಳ್ಳು," ಎಂದ ಫಿಂಟನ್. ಮುತ್ತಜ್ಜ ಸುಳ್ಳು ಬರೆದಿದ್ದಾನೆಂದು ಬಾಯಿಬಿಟ್ಟು ಹೇಳಿದ್ದು ಇದೇ ಮೊದಲು. ಹೇಳಿದ ಮೇಲೆ ಅವನಿಗೇ ಕಸಿವಿಸಿಯಾಯಿತು.

ಅಟ್ರಾಕ್ಟಾ ಕನ್ನಡಕ ತೆಗೆದು ಮಡಿಲಲ್ಲಿಟ್ಟುಕೊಂಡಳು. "ಎರಡೂ ನಿಜ," ಎಂದಳು. "ನೆಸ್ಸಾ, ಚಾಕು ಇಟ್ಟು ಕೂತ್ಕೋ. ಜಾರ್ಲತ್, ನೀನು ಬಾಯಿ ಮುಚ್ಕೋ."

ಕತೆ ಶುರುವಾಯಿತು.

"ನಮ್ಮಪ್ಪ ಮಲಾಕಿಗೆ ಆಗ ನಾಲ್ಕು ವರ್ಷ. ಅಪ್ಪ ಕಣ್ಣಾರೆ ಕಂಡಿದ್ದನ್ನ ನನಗೆ ಹೇಳಿದ್ದು, ನಾನು ನಿಮಗೆ ಹೇಳ್ತಿರೋದು, ನಡುವೆ ಇನ್ಯಾರೂ ಇಲ್ಲ, ತಿಳ್ಕೊಳ್ಳಿ... ಆ ಕಾಲದಲ್ಲಿ ಗಣತಿ ಫಾರಂ ಹಂಚೋಕೆ, ವಾಪಸ್ ಇಸ್ಕೊಳ್ಳೋಕೆ ಪೊಲೀಸ್ ಪೇದೆ ಬರೋನು. ಟಿಮಿನ್ಸ್ ಅಂತ, ಈ ಸೀಮೆಗೆ ಬಂದು ಒಂದು ತಿಂಗಳಾಗಿತ್ತಷ್ಟೆ, ನಮ್ಮವರ ಸಾವು ನೋವು ಒಂದೂ ಗೊತ್ತಿಲ್ಲ. ಇಡೀ ಹಳ್ಳೀಲಿ ಎಲ್ಲರ ಫಾರಂನೂ ಅವನೇ ಬರೆಯೋನು, ಜನ ಹೆಬ್ಬೆಟ್ಟಿನ ಬದಲು ಒಂದು ಕತ್ತರಿ ಗುರುತು ಹಾಕೋರು. ನಮ್ಮ ತಾತ ಥೇಡಿ ಮಾತ್ರ, 'ಕಾಗದ ಇಲ್ಲಿಡಿ ಸ್ವಾಮಿ, ನನ್ನ ಮನೆ ನಾನು ಬರೀತೀನಿ' ಅಂದ. ಟಿಮಿನ್ಸ್ ಹಲ್ಲು ಕಿರಿದು, 'ಬರಿ ಬರಿ, ನೋಡೇಬಿಡೋಣ, ತಪ್ಪಿದ್ರೆ ದಂಡ ಇದೆ' ಅಂದ್ನಂತೆ. ಹೇಗಿರಬೇಡ ತಾತನಿಗೆ?

"ಭಾನುವಾರ ಸಂಜೆ ಮೇಜು ಒರೆಸಿ, ಕೈ ತೊಳೆದು, ಹೊಸ ನಿಬ್ಬು ಹಾಕಿ ಕೂತ. ಆ ದಿನ ಮನೇಲಿ ಮಲಗೋ ಪ್ರತಿಯೊಬ್ಬರ ಹೆಸರೂ ಬರೀಬೇಕು. ಈಗ ಹೇಳಿ, ಮನೆ ಮಂದಿ ಹೆಸರನ್ನ ಒಂದರ ಹಿಂದೆ ಒಂದು ನಾವು ಎಲ್ಲಿ ಹೇಳ್ತೀವಿ? ಜಪಮಾಲೆ ಪ್ರಾರ್ಥನೇಲಿ. ದಿನಾ ಸಂಜೆ ಮೊಣಕಾಲೂರಿ, ಮಾಲೆ ಮುಗಿದ ಮೇಲೆ ಮನೆಯವರ ಹೆಸರನ್ನೆಲ್ಲ, ಇರೋರು ಹೋದೋರು ಅಂತ ನೋಡದೆ, ದೊಡ್ಡೋರಿಂದ ಚಿಕ್ಕೋರವರೆಗೆ ಒಂದೇ ಉಸಿರಲ್ಲಿ... ಇಪ್ಪತ್ತು ವರ್ಷದ ಅಭ್ಯಾಸ. ತಾತನ ಕೈಯೂ ಆ ರಾಗದ ಹಿಂದೇನೇ ಹೋಯ್ತು. ಥೇಡಿ, ವಿನಿಫ್ರೆಡ್, ಆಂಟನಿ, ಹನೋರಾ, ಸಬೈನಾ... ಮುಂದಿನ ನಾಲ್ಕು. ವಯಸ್ಸೂ ಬರೆದ, ಓದೂ ಬರೆದ. 'ಬದುಕಿರುವ ಮಕ್ಕಳು ಎಷ್ಟು' ಅನ್ನೋ ಕಾಲಂಗೆ ಬಂದಾಗಲೇ ಲೇಖನಿ ನಿಂತಿದ್ದು.

"ಅಜ್ಜಿ ಆ ಕಡೆಯಿಂದ, 'ಯಾಕೆ ನಿಲ್ಲಿಸಿದ್ರಿ?' ಅಂದ್ಲು. ತಾತ ತೋರಿಸಿದ. ಅಜ್ಜಿಗೆ ಓದು ಬರ್ತಿರಲಿಲ್ಲ, ಆದ್ರೆ ತಾತನ ಬೆರಳು ಮೂರನೇ ಮಗುವಿನ ಸಾಲಿನ ಮೇಲಿದ್ದದ್ದು ನೋಡಿ ತಿಳ್ಕೊಂಡ್ಲು. ಮಗು ಹೋಗಿ ಹನ್ನೆರಡು ವಾರ... 'ಗೆರೆ ಹೊಡೆದು ಸರಿ ಮಾಡ್ತೀನಿ' ಅಂದ ತಾತ. ಅಜ್ಜಿ ಎದ್ದು ಬಂದು ಅವನ ಮಣಿಕಟ್ಟು ಹಿಡಿದಳು. 'ಜನವರೀಲಿ ಆ ರಿಜಿಸ್ಟ್ರಾರ್ ಹತ್ರ ಹೋಗಿ ಒಂದು ಸಲ ಅವಳನ್ನ ಕಳೆದು ಬಂದ್ರಿ. ನಾನು ಮಾತಾಡ್ಲಿಲ್ಲ. ಈಗ ನನ್ನ ಮನೇಲಿ, ನನ್ನ ಮೇಜಿನ ಮೇಲೆ, ನನ್ನ ಮಗಳ ಮೇಲೆ ಗೆರೆ ಹೊಡೀತೀರಾ?'

"ತಾತ ನಿಬ್ಬನ್ನ ಮತ್ತೆ ಶಾಯಿಗೆ ಅದ್ದಿದ. ಆಮೇಲೆ ಬದುಕಿರೋ ಮಕ್ಕಳು ಏಳು ಅಂತ ಬರೆದು ಸಹಿ ಹಾಕಿದ.

"ಮಂಗಳವಾರ ಟಿಮಿನ್ಸ್ ಬಂದ. ಕಾಗದ ಹಿಡಿದು ಮೇಲಿಂದ ಕೆಳಗೆ ನೋಡಿದ, ಅಕ್ಷರ ಮುತ್ತು ಪೋಣಿಸಿದ ಹಾಗಿತ್ತು. ತಪ್ಪು ಸಿಗಲಿಲ್ಲ ಅಂತ ಮುಖ ಹುಳ್ಳಗಾಯ್ತು. 'ಮಕ್ಕಳನ್ನ ಕರಿ, ಎಣಿಸಬೇಕು' ಅಂದ. ಕಾಗದದಲ್ಲಿ ಏಳು, ಮನೇಲಿ ಆರು... ತಾತ ಮಕ್ಕಳನ್ನ ಕರೆದ. ಆರು ಮಕ್ಕಳೂ ಒಲೆ ಮುಂದೆ ಸಾಲಾಗಿ ನಿಂತ್ರು. ಪ್ರಾರ್ಥನೆಗೆ ಸಾಲುಗಟ್ಟೋ ಹಾಗೇನೆ, ದೊಡ್ಡೋರು ಆ ಕಡೆ, ಚಿಕ್ಕೋರು ಈ ಕಡೆ, ಹನೋರಾ ಪಕ್ಕ ಒಬ್ಬರ ಜಾಗ ಬಿಟ್ಟು. ಯಾರೂ ಹೇಳಿ ಬಿಡಿಸಿದ್ದಲ್ಲ, ಜನವರಿಯಿಂದ ಹಾಗೇ ಸಾಲುಗಟ್ತಿದ್ರು.

"ಪೇದೆ ಬೆರಳು ತೋರಿಸಿ ಎಣಿಸ್ದ. ಒಂದು... ಎರಡು... ಮೂರು... ನಿಲ್ಲಲಿಲ್ಲ. ನಾಲ್ಕು, ಐದು, ಆರು, ಏಳು. ವಾಪಸ್ ಬಂದು ಮೂರನೇದರ ಮುಂದೆ ನಿಂತ. 'ಹೆಸರೇನು?' ಅಂದ. 'ಸಬೈನಾ, ಸರ್.' 'ಓದು ಬರುತ್ತೆ ಅಂತ ಬರೆದಿದ್ದಾನೆ ನಿಮ್ಮಪ್ಪ, ಎಲ್ಲಿ ಓದು' ಅಂತ ಕಾಗದ ಕೊಟ್ಟ. ಅವಳು ಇಸ್ಕೊಂಡು ಓದಿದ್ಲು ಕಣ್ರೋ! ಮೊದಲ ಹೆಸರಿಂದ ಕೊನೇ ಹೆಸರಿನವರೆಗೆ, ತಡವರಿಸದೆ, ಶಾಲೇಲಿ ಬಹುಮಾನ ತಗೊಂಡವಳ ಹಾಗೆ. ಪೇದೆ 'ಸರಿಯಾಗಿದೆ' ಅಂತ ಕೆಳಗೆ ಸಹಿ ಹಾಕಿ ಹೋದ.

"ನಮ್ಮಪ್ಪ ಕೊನೇಲಿ ನಿಂತಿದ್ದೋನು. ಓದಿ ಮುಗಿಸಿ ಅವಳು ಬಂದು ಇವನ ಕೈ ಹಿಡ್ಕೊಂಡ್ಲಂತೆ. ನಾನು ಕೇಳಿದ್ದೆ, 'ತಣ್ಣಗಿತ್ತಾ ಅಪ್ಪ?' ಅಂತ. 'ಇಲ್ಲಮ್ಮ, ಬಿಸಿ ಆಲೂಗಡ್ಡೆ ಸುಲಿದ ಕೈ ಇದ್ದ ಹಾಗಿತ್ತು' ಅಂದ. ಪೇದೆಯ ಸೈಕಲ್ಲು ತಿರುವು ದಾಟಿದ ಮೇಲೆ ತಿರುಗಿ ನೋಡ್ತಾರೆ... ಆರು ಜನ. ಯಾರೂ ಅಳಲಿಲ್ಲ. ತಾತ ಟೋಪಿ ತೆಗೆದು, ಖಾಲಿ ಜಾಗದ ಕಡೆ ತಿರುಗಿ, 'ಚೆನ್ನಾಗಿ ಓದಿದೆ ಮಗಳೇ' ಅಂದ."

ಜಾರ್ಲತ್‌ನ ಬೂಟಿನಿಂದ ಆವಿ ಏಳುತ್ತಿತ್ತು. ಅವನು ಅದನ್ನು ಒಲೆಯಿಂದ ದೂರ ಸರಿಸಲೂ ಮರೆತಿದ್ದ.

ಫಿಂಟನ್ ಚೀಲಕ್ಕೆ ಕೈಹಾಕಿ ಮೂರನೆಯ ಹಾಳೆ ತೆಗೆದ. ಈ ತಿಂಗಳು ಸರ್ಕಾರ ಬಿಡುಗಡೆ ಮಾಡಿದ ೧೯೨೬ರ ಗಣತಿ. ಯಾರಿಗೂ ತೋರಿಸಿರಲಿಲ್ಲ. ಮುತ್ತಜ್ಜನ ಕೈತಪ್ಪೆಂದು ತನಗೆ ತಾನೇ ಹೇಳಿಕೊಂಡಿದ್ದ. ಅದೇ ಮನೆ, ಅದೇ ಥೇಡಿಯ ಕೈಬರಹ. ಆ ವರ್ಷದ ಫಾರಂನಲ್ಲಿ ವಯಸ್ಸನ್ನು ತಿಂಗಳ ಸಮೇತ ಕೇಳಿದ್ದರು. ಸಬೈನಾ, ಮಗಳು, ಹನ್ನೊಂದು ವರ್ಷ ಎರಡು ತಿಂಗಳು: ಸತ್ತ ದಿನ ಅವಳಿಗಿದ್ದಷ್ಟೇ ವಯಸ್ಸು.

ನೆಸ್ಸಾ ಅದನ್ನು ಓದಿ ಶಿಲುಬೆಯ ಗುರುತು ಮಾಡಿಕೊಂಡಳು.

"ತಾತ ಇದ್ದವರನ್ನ ಬಿಟ್ಟು ಬರೆದೋನಲ್ಲ," ಎಂದಳು ಅಟ್ರಾಕ್ಟಾ. ಅವಳ ಕುತ್ತಿಗೆ ನೆಟ್ಟಗಾಗಿತ್ತು. "ಬರಗಾಲದಲ್ಲಿ ಈ ದೇಶದಲ್ಲಿ ಎಷ್ಟು ಜನ ಲೆಕ್ಕಕ್ಕೇ ಸಿಗದೆ ಹೋದ್ರು? ಆಮೇಲೆ ದಾಖಲೆ ಕಚೇರಿಗೆ ಬೆಂಕಿ ಬಿದ್ದಾಗ ಎಷ್ಟು ಮನೆಯ ಕಾಗದ ಸುಟ್ಟು ಬೂದಿಯಾಯ್ತು? ನಮ್ಮ ಮನೇಲಿ ಒಂದು ಮಗೂನೂ ತಪ್ಪಿಲ್ಲ. ಅದಕ್ಕಿಂತ ದೊಡ್ಡಸ್ತಿಕೆ ಏನು ಬೇಕೋ? ಕಲ್ಲಿನ ಮೇಲೆ ಹಾಕೋದು ಮನೆ ಬಿಟ್ಟು ಹೋದೋರ ಹೆಸರು. ಈಗ ನೀನೇ ಯೋಚನೆ ಮಾಡು."

ಫೋನು ಹೊಡೆದುಕೊಂಡಿತು. ಫಿಂಟನ್ ಅದನ್ನು ಕಿವಿಗಿಟ್ಟು, ಮಳೆ ಬಡಿಯುತ್ತಿದ್ದ ಕಿಟಕಿ ನೋಡುತ್ತಾ ನಿಂತ. ಐದು ಚಳಿಗಾಲ ಹುಡುಕಿದ ಹೆಸರು. ದಿನಾಂಕವಿತ್ತು, ಸಾಕ್ಷಿಯಿತ್ತು. "ಸಬೈನಾ ಹೆಸರು ಬೇಡ," ಎಂದ. "ಅಲ್ಲ, ತಪ್ಪೇನೂ ಆಗಿಲ್ಲ. ಅವಳದು ಅಲ್ಲಿ ಬರೋದಿಲ್ಲ, ಅಷ್ಟೆ."

ಫೋನು ಇಟ್ಟಾಗ ಅವನಿಗೆ ಏನನ್ನೋ ಕಳೆದುಕೊಂಡಂತೆ ಅನ್ನಿಸಲಿಲ್ಲ, ಎದೆ ಹಗುರವಾಗಿತ್ತು.

"ತಾತನ ಆ ಹಳೇ ಮನೇಲಿ ಈಗ ಇರೋದು ನೀವು," ಎಂದಳು ಅಟ್ರಾಕ್ಟಾ ಕನ್ನಡಕ ಹಾಕಿಕೊಳ್ಳುತ್ತಾ. "ನಾಲ್ಕು ವರ್ಷದ ಹಿಂದೆ ಗಣತಿಯಾಯ್ತಲ್ಲ, ಫಾರಂ ತುಂಬಿದ್ದು ಯಾರು?"

"ನಾನೇ. ಭಾನುವಾರ ಸಂಜೆ, ಊಟದ ಮೇಜಿನ ಮೇಲೆ."

"ಎಷ್ಟು ಜನ ಅಂತ ಬರೆದೆ?"

"ಎಲ್ಲರೂ ಅಲ್ಲೇ ಓಡಾಡ್ತಿದ್ರು, ತಲೆ ಎಣಿಸಿ ಬರೆದೆ. ಐದು."

ನೆಸ್ಸಾ ಅವನ ತೋಳು ಮುಟ್ಟಿದಳು. "ಫಿಂಟನ್... ನೀನು, ನಾನು, ಎರಡು ಮಕ್ಕಳು."

ಅಟ್ರಾಕ್ಟಾ ನೆಸ್ಸಾಳ ಕಡೆ ನೋಡದೆ, ಫಿಂಟನ್‌ನ ಮುಖವನ್ನೇ ನೋಡುತ್ತಾ ತಲೆದೂಗಿದಳು.

"ಸರಿಯಾಗಿಯೇ ಬರೆದಿದ್ದೀಯ ಮಗ," ಎಂದಳು. "ನೀನು ಕಿಲ್ಕಾಯ್ನ್ ಮನೆಯವನೇ."