ರಾಕೆಟ್ ಅಕ್ಷರ

ಪ್ರಿಂಟಿಂಗ್ ಪ್ರೆಸ್ಸಿನ ಬೆಂಚಿನಲ್ಲಿ ಸರದಿಗೆ ಕಾಯುತ್ತಿದ್ದ ದರ್ಜಿಗೆ ಪಕ್ಕದ ಅಕ್ಕತಂಗಿಯರ ಮಾತು ಬೇಡವೆಂದರೂ ಕಿವಿಗೆ ಬೀಳುತ್ತಿತ್ತು. ಅಕ್ಕನ ಮಡಿಲಲ್ಲಿ ಮನೆಯಲ್ಲೇ ಮಾಡಿದ ಸೋಪುಗಳ ಬುಟ್ಟಿ.

“ಅಕ್ಕಾ, ಲೇಬಲ್ಲಿಗೆ ಈ ಫಾಂಟಾ? ರಾಕೆಟ್ ಮೇಲೆ ಬರೆದಂಗಿದೆ.”

“ಅದಕ್ಕೇ ಬೇಕು. ಹಳೇ ಲೇಬಲ್ಲಲ್ಲಿ ಅಮ್ಮನ ಕೈಬರಹ ನೋಡಿದ್ರೆ ಗಿರಾಕಿಗಳು ಅಮ್ಮನ್ನೇ ಕೇಳ್ತಾರೆ.”

“ತೀರ್ಕೊಂಡ್ಲು ಅಂದ್ರಾಯ್ತು.”

“ಹೇಳೋಕೆ ಬಾಯೇ ಬರಲ್ಲ ಕಣೇ. ನಿನ್ನೆ ಒಬ್ರಿಗೆ, ಒಳಗಿದಾಳೆ ಅಂದ್ಬಿಟ್ಟೆ.”

ತಂಗಿ ಒಂದು ಸೋಪು ಎತ್ತಿಕೊಂಡಳು. “ಅಕ್ಷರ ಬದಲಾಯಿಸಿ ಏನು ಬಂತು? ಹೋದ ವಾರ ನಾವು ಮಾಡಿದ್ದಕ್ಕೂ ಅಮ್ಮನ ಥರಾನೇ ಹೆಬ್ಬೆಟ್ಟು ಒತ್ತಿದೀಯಲ್ಲ.”

“ನಾನಾ? ಒತ್ತಿದ್ದು ನೀನಲ್ವಾ?”

ಒಳಗಿನಿಂದ ಕರೆ ಬಂತು. ಬುಟ್ಟಿಯನ್ನು ಬೆಂಚಿನ ಮೇಲಿಟ್ಟು ಇಬ್ಬರೂ ಎದ್ದುಹೋದರು. ದರ್ಜಿ ಆಚೆ ತುದಿಗೆ ಸರಿದು, ಬುಟ್ಟಿಗೂ ತನಗೂ ನಡುವೆ ಒಬ್ಬರು ಕೂರುವಷ್ಟು ಜಾಗ ಬಿಟ್ಟ.